ಹೆಂಟೆ ಕಬಡ್ಡಿ

ಬೈನೆಕೊಡಿಗೆಯ ಸರ್ಕಾರಿ ಶಾಲೆಯ ಕಬಡ್ಡಿಯಲ್ಲಿ ಗುಲಾಬಿಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಹೆಂಟೆಯಲ್ಲಿ ಹೊಡೆಯುತ್ತಿದ್ದರು.

ಕಬಡ್ಡಿ ಎಂದರೆ ನಿಮಗೆ ಗೊತ್ತು. ಉಸಿರು ಕಟ್ಟಿ ಎದುರಿನವರ ಅಂಕಣಕ್ಕೆ ಹೋಗಬೇಕು, ಮುಟ್ಟಬೇಕು, ನಡುಗೆರೆ ದಾಟಿ ವಾಪಸು ಬರಬೇಕು. ಮುಟ್ಟಿಸಿಕೊಂಡವರು ಔಟ್. ಹಿಡಿದು ಕೆಡವಿದರೆ ಹೋದವರು ಔಟ್. ಮೈಗೆ ಮೈ ತಾಗದೆ ಈ ಆಟವೇ ಇಲ್ಲ. ಆದರೆ ಗುಲಾಬಿ ಕೇರಿಯ ಐತನ ಮಗಳು. ಅವಳನ್ನು ಮುಟ್ಟಿದ ಮಕ್ಕಳು ಮನೆಗೆ ಹೋಗಿ ಅಂಗಳದಲ್ಲೇ ತಲೆಗೆ ನೀರು ಸುರಿಸಿಕೊಳ್ಳಬೇಕು, ಬೆನ್ನಿಗೆ ನಾಲ್ಕು ಬಿಗಿಸಿಕೊಳ್ಳಬೇಕು. ಹಾಗಾದರೆ ಅವಳನ್ನು ಬಿಟ್ಟು ಆಡಬಹುದಿತ್ತಲ್ಲ ಎನ್ನುತ್ತೀರಿ. ಆಗುತ್ತಿರಲಿಲ್ಲ. ಆರನೇ ಕ್ಲಾಸು ಏಳನೇ ಕ್ಲಾಸು ಎರಡೂ ಸೇರಿಸಿದರೆ ಆ ಶಾಲೆಯಲ್ಲಿದ್ದದ್ದು ಏಳೇ ಹುಡುಗಿಯರು. ಶಾಲೆಯ ಅಂಕಣದಲ್ಲಿ ಹುಡುಗರೂ ಸೇರಿ ಆಡುತ್ತಿದ್ದರು, ಆದರೆ ಕ್ರೀಡಾಕೂಟದ ಹುಡುಗಿಯರ ಟೀಮಿಗೆ ಏಳು ಜನ ಬೇಕು. ಗುಲಾಬಿ ಇಲ್ಲದಿದ್ದರೆ ಟೀಮೇ ಇಲ್ಲ.

ಅದಕ್ಕೊಂದು ರೂಲು ಮಾಡಿಕೊಂಡಿದ್ದರು. ಯಾರು ಮಾಡಿದರೋ ಗೊತ್ತಿಲ್ಲ, ಹಿಂದೆ ಕೇರಿಯ ಬೇರೆ ಮಕ್ಕಳು ಓದುವಾಗಲೂ ಅದೇ ಇತ್ತಂತೆ. ಗುಲಾಬಿ ರೈಡ್ ಹೋದರೆ ಯಾರನ್ನೂ ಮುಟ್ಟುವಂತಿಲ್ಲ. ಮಾರು ದೂರದಲ್ಲಿ ನಿಂತು ಬೆರಳು ತೋರಿಸಿ ‘ಔಟ್’ ಎನ್ನಬೇಕು. ಅವಳನ್ನು ಔಟ್ ಮಾಡಬೇಕಾದವರು ಹಿಡಿಯುವ ಬದಲು ಮಣ್ಣಿನ ಹೆಂಟೆ ಎಸೆಯಬೇಕು. ಮೈಗೆ ಎಲ್ಲಿ ತಾಗಿದರೂ ಔಟ್. ಆಟಕ್ಕೆ ಮುಂಚೆ ಮೈದಾನದ ಅಂಚಿನ ಮಣ್ಣಿನ ದರೆಯಿಂದ ಹೆಂಟೆ ಕಿತ್ತು ತಂದು ಅಂಕಣದ ಪಕ್ಕ ಗುಡ್ಡೆ ಹಾಕುವ ಕೆಲಸವೂ ಗುಲಾಬಿಯದೇ. ತನಗೆ ಬೀಳುವುದನ್ನು ತಾನೇ ಆರಿಸಿ ತರುತ್ತಿದ್ದಳು ಹುಡುಗಿ.

ಇದು ಅಜ್ಜನ ಕಾಲದ ಕಥೆ ಅಂದುಕೊಳ್ಳಬೇಡಿ. ಎರಡು ಸಾವಿರದ ಐದನೇ ಇಸವಿ. ಶಾಲೆಗೆ ಬಿಸಿಯೂಟ ಬಂದಿತ್ತು. ಶಾಲಾ ಸಮಿತಿಯ ಅಧ್ಯಕ್ಷ ವಾಸಪ್ಪನ ಜೇಬಿಗೆ ಮೊಬೈಲು ಬಂದಿತ್ತು. ಊರಿನವರು ಅವನನ್ನು ಗೌಡ್ರು ಎನ್ನುತ್ತಿದ್ದರು, ಎದ್ದು ನಿಲ್ಲುತ್ತಿದ್ದರು. ನಾನು ಅವನಿಗೆ ಬಹುವಚನ ಕೊಡುವುದಿಲ್ಲ.

ಹೆಂಟೆ ಎಸೆಯುವುದರಲ್ಲಿ ಧರ್ಮೇಶ ಎಂಬ ಹುಡುಗನದು ಎತ್ತಿದ ಕೈ. ಕಿವಿಗೆ ಎಂದರೆ ಕಿವಿಗೇ ಹೊಡೆಯುತ್ತಿದ್ದ. ಟೀಮಿನ ಕ್ಯಾಪ್ಟನ್ ವಾಸಪ್ಪನ ಮಗಳು ಚೈತ್ರ. ಅವಳೇನೂ ಕಮ್ಮಿ ಇರಲಿಲ್ಲ, ಮಂಡಿಗೆ ಹೊಡೆಯುತ್ತಿದ್ದಳು. ಗುಲಾಬಿಯ ಮೈಯಲ್ಲಿ ಕಂದು ಕಲೆ ಇಲ್ಲದ ಜಾಗ ಇರಲಿಲ್ಲ. ಅವಳಿಗೆ ಅದರ ದುಃಖವೂ ಇರಲಿಲ್ಲ ನೋಡಿ, ಅದು ನನಗೆ ಹೊಟ್ಟೆ ಉರಿಯುವ ಮಾತು. “ಆಟ ಅಂದ್ಮೇಲೆ ಪೆಟ್ಟು ಬೀಳ್ತದೆ ಅವ್ವ,” ಎನ್ನುತ್ತಿದ್ದಳು. ತಪ್ಪಿಸಿಕೊಂಡು ತಪ್ಪಿಸಿಕೊಂಡು ಮೈ ಹುರಿಯಾಗಿತ್ತು. ಆ ಅಂಕಣದಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಇಡೀ ದಿನದಲ್ಲಿ ಅವಳನ್ನು ಬೇರೆ ಮಕ್ಕಳು ಹೆಸರು ಹಿಡಿದು ಕರೆಯುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅಷ್ಟಕ್ಕಾಗಿ ಅವಳು ಹೆಂಟೆ ಹೊರುತ್ತಿದ್ದಳು.

ಅವ್ವ ಸಣ್ಣಕ್ಕ. ಐತ ವಾಸಪ್ಪನ ತೋಟದ ಮರದಿಂದ ಬಿದ್ದು ಸತ್ತ ಮೇಲೆ ಅದೇ ತೋಟಕ್ಕೆ ಗೊಬ್ಬರ ಹೊರುತ್ತಿದ್ದಳು. ಕೊಟ್ಟಿಗೆಯಿಂದ ತೋಟಕ್ಕೆ ಇಳಿಜಾರು. ತಲೆಯ ಮೇಲೆ ಹೆಡಿಗೆ. ಅದರಿಂದ ಸೋರಿದ ನೀರು ಕುತ್ತಿಗೆಯಲ್ಲಿ ಇಳಿದು ರವಿಕೆಯೊಳಗೆ ಹೋಗುತ್ತಿತ್ತು. ಸಂಜೆ ಎಷ್ಟು ತಿಕ್ಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ನರಸಿಂಹರಾಜಪುರದಿಂದ ವೀರಮ್ಮ ಎಂಬ ಟೀಚರ್ ವರ್ಗವಾಗಿ ಬಂದರು. ದಪ್ಪ ಮೈ, ದೊಡ್ಡ ಗಂಟಲು. ವಯಸ್ಸಿನಲ್ಲಿ ಜಿಲ್ಲೆಯ ಮಟ್ಟಕ್ಕೆ ಕಬಡ್ಡಿ ಆಡಿದವರು. ಬಂದ ವಾರವೇ, ಹೋಬಳಿ ಕ್ರೀಡಾಕೂಟಕ್ಕೆ ಮುಂಚೆ ಮಕ್ಕಳ ಕೈ ಪಳಗಲಿ ಎಂದು ಶೃಂಗೇರಿ ಕಡೆಯ ಒಂದು ಶಾಲೆಯ ಜೊತೆ ಪಂದ್ಯ ಗೊತ್ತು ಮಾಡಿದರು. ತಮ್ಮ ಶಾಲೆಯ ಮಕ್ಕಳು ಹೇಗೆ ಆಡುತ್ತಾರೆಂದು ಅವರಿನ್ನೂ ನೋಡಿರಲಿಲ್ಲ. ವಾಸಪ್ಪನ ಪಿಕಪ್ಪಿನಲ್ಲಿ ಹೊರಟರು, ನೋಡಲೆಂದು ಹುಡುಗರೂ ಹತ್ತಿದರು. ಗುಲಾಬಿ ಹಿಂದಿನ ಬಾಗಿಲಿಗೆ ಒರಗಿ ಕೂತಳು, ಅವಳ ಸುತ್ತ ಒಂದು ಮೊಳ ಜಾಗ ಖಾಲಿ. ಪೇಟೆ ಬಂದಾಗ ಅಂಗಡಿಗಳನ್ನು ನೋಡಿ ಖುಷಿಪಟ್ಟಳು.

ಅಲ್ಲಿ ಆದದ್ದು ಇಷ್ಟು.

ಗುಲಾಬಿಯ ಸರದಿ ಬಂತು. ಉಸಿರು ಕಟ್ಟಿ ಹೋದಳು. ಮೂಲೆಯಲ್ಲಿ ನಿಂತಿದ್ದ ಎರಡು ಜಡೆಯ ಹುಡುಗಿಗೆ ದೂರದಿಂದಲೇ ಬೆರಳು ತೋರಿಸಿ “ಔಟ್!” ಎಂದಳು. ಆ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿತು. ಗುಲಾಬಿ ಕೆಲಸ ಮುಗಿಯಿತೆಂದು ಬೆನ್ನು ತಿರುಗಿಸಿ ನಡುಗೆರೆಯ ಕಡೆ ಹೊರಟಳು. ಹಿಂದಿನಿಂದ ಬಂದು ಹಿಡಿದರು. ಒಬ್ಬಳು ಸೊಂಟ, ಒಬ್ಬಳು ಕಾಲು, ಮತ್ತಿಬ್ಬರು ಭುಜ. ಕೆಡವಿ ಮೇಲೆ ಬಿದ್ದರು.

ಪರರ ಕೈ ತನ್ನ ಮೈಮೇಲೆ ಬಿದ್ದದ್ದು ಅವಳಿಗೆ ನೆನಪಿರುವಂತೆ ಅದೇ ಮೊದಲು. ಬಿಸಿ ಬಿಸಿ ಕೈ. ಅವರ ಬೆವರು ಇವಳ ಕೆನ್ನೆಗೆ. ಗುಲಾಬಿಗೆ ಜೀವ ಬಾಯಿಗೆ ಬಂತು. ತಾನು ಯಾರೆಂದು ಇವರಿಗೆ ಗೊತ್ತಿಲ್ಲ! ಎಲ್ಲರಿಗೂ ಗೊತ್ತಿರುತ್ತದೆ ಎಂದೇ ಅವಳು ಅಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಅದು ಗೊತ್ತಿಲ್ಲದ ಒಬ್ಬರನ್ನೂ ಅವಳು ಕಂಡಿರಲಿಲ್ಲ. ಕೈಕಾಲು ಬಡಿದು ಚೀರಿದಳು.

“ಬಿಡ್ರೇ! ಮುಟ್ಬೇಡ್ರೇ! ನಾ ಕೇರಿಯವ್ಳು! ನಿಮ್ಮನೇಲಿ ನಿಮ್ಗೆ ಹೊಡೀತಾರೆ, ಬಿಡ್ರೇ!”

ನೋಡಿ ಮಾರಾಯ್ರೆ, ತನಗೆ ನೋವಾಯಿತು ಎಂದು ಕೂಗಲಿಲ್ಲ. ಅವರಿಗೆ ಮನೆಯಲ್ಲಿ ಪೆಟ್ಟು ಬೀಳುತ್ತದೆ ಎಂದು ಕೂಗಿದಳು. ಅವಳ ಬಾಯಿಂದಲೇ ಅವಳ ಜಾತಿ ಮೈದಾನಕ್ಕೆಲ್ಲ ಕೇಳಿತು. ಮೈಮೇಲಿನ ಕೈಗಳು ಒಂದೊಂದೇ ಎದ್ದವು. ಒಬ್ಬಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಅವರ ಮೇಷ್ಟ್ರು ಹುಡುಗಿಯರನ್ನು ನಲ್ಲಿಯ ಹತ್ತಿರ ಕಳಿಸಿದರು. ನೋಡಲು ಸೇರಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಂದ್ಯ ಅಲ್ಲಿಗೇ ನಿಂತಿತು. ವೀರಮ್ಮ ಟೀಚರ್ ಏನೂ ಅರ್ಥವಾಗದೆ ನಿಂತಿದ್ದರು.

ಬರುವಾಗ ಪಿಕಪ್ಪಿನಲ್ಲಿ ಧರ್ಮೇಶ ಶುರು ಮಾಡಿದ. “ಮುಟ್ಬೇಡ್ರೇ! ನಾ ಕೇರಿಯವ್ಳು!” ಅವಳದೇ ಗಂಟಲು ತೆಗೆದ. ಉಳಿದವರೂ ಸೇರಿಕೊಂಡರು. “ನಮ್ಮ ಮಾನ ಕಳೆದ್ಯಲ್ಲೆ ಮುಂಡೇದೆ,” ಎಂದಳು ಚೈತ್ರ. ಕಿಗ್ಗದ ಈಚೆ ಏರಿನಲ್ಲಿ ಗಾಡಿ ನಿಧಾನವಾಯಿತು. ಯಾರೋ ಎದೆಗೆ ಒದ್ದರು. ಚಪ್ಪಲಿ ಕಾಲಿನಲ್ಲಿ ಒದ್ದರೆ ಮೈಲಿಗೆ ಇಲ್ಲ, ಅದೂ ಒಂದು ರೂಲು. ಕೊಂಡಿ ಸರಿಯಾಗಿ ಹಾಕದ ಬಾಗಿಲು ತೆರೆದುಕೊಂಡಿತು. ಗುಲಾಬಿ ರಸ್ತೆಗೆ ಮುಖ ಅಡಿಯಾಗಿ ಬಿದ್ದಳು. ಮುಂದಿನ ಹಲ್ಲು ಅರ್ಧ ಮುರಿಯಿತು, ಗದ್ದ ಸೀಳಿತು.

ಮುಂದಿನ ಸೀಟಿನಲ್ಲಿದ್ದ ವೀರಮ್ಮ ಕೂಗಿ ಗಾಡಿ ನಿಲ್ಲಿಸಿ ಓಡಿ ಬಂದರು. ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡರು. ಸೀರೆಯ ಸೆರಗಿನಿಂದ ರಕ್ತ ಒರೆಸಿದರು. ಡ್ರೈವರ್ ತಲೆ ಹೊರಗೆ ಹಾಕಿ, “ಟೀಚರ್ರೆ, ಸೀಟಿಗೆ ಗೀಟಿಗೆ ತಾಗ್ಸಬೇಡಿ, ಗೌಡ್ರು ನನ್ನ ಕೊಲ್ತಾರೆ,” ಎಂದ.

“ಹೋಗ್ತಾ ಇರಯ್ಯ ನೀನು,” ಎಂದರು ವೀರಮ್ಮ. ಗಾಡಿ ಹೋಯಿತು. ಇಬ್ಬರೂ ನಡೆದರು.

“ಬೆರಳು ತೋರ್ಸಿದ್ರೆ ಔಟ್ ಅಂತ ಯಾರು ಹೇಳಿಕೊಟ್ಟದ್ದು ನಿಂಗೆ?”

“ಅದೇ ರೂಲು ಟೀಚರ್.”

“ಯಾವ ಊರಿನ ರೂಲು?”

“ನಂಗಿರೋ ರೂಲು.” ಹೆಂಟೆಯ ಸಂಗತಿಯನ್ನೂ ಹೇಳಿದಳು. ಮುರಿದ ಹಲ್ಲಿನ ಸಂದಿನಿಂದ ಗಾಳಿ ಸೀಟಿ ಹೊಡೆಯುತ್ತಿತ್ತು. ವೀರಮ್ಮ ಅವಳ ಕೈ ಹಿಡಿದುಕೊಂಡರು. ದಾರಿಯುದ್ದಕ್ಕೂ ಬಿಡಲಿಲ್ಲ. ಹಿಡಿದ ಕೈಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಗುಲಾಬಿಗೆ ತಿಳಿಯಲಿಲ್ಲ, ಬೆರಳು ಸೆಟೆಸಿಕೊಂಡೇ ನಡೆದಳು.

ಮನೆಯಲ್ಲಿ ಸಣ್ಣಕ್ಕ ಮಗಳ ಮುಖ ನೋಡಿ ಅಳಲಿಲ್ಲ. ಅಂಗಳ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಬೆನ್ನಿಗೆ ಬಾರಿಸಿದಳು. “ಆಟ ಬೇಕಾ ನಿಂಗೆ? ಆಟ? ಗೌಡ್ರ ಮಗಳ ಮಾನ ಕಳ್ದೆ ಅಂತೆ! ನಾಳೆ ಕೆಲ್ಸ ಬೇಡ ಅಂದ್ರೆ ಮಣ್ಣು ತಿಂತೀಯಾ?” ಹಿಡಿಸೂಡಿ ಮುರಿಯುವವರೆಗೆ ಹೊಡೆದಳು. ಆಮೇಲೆ ಅರಿಶಿನ ಅರೆದು ಗದ್ದಕ್ಕೆ ಮೆತ್ತಿದಳು. ಆಗ ಅತ್ತಳು.

ಮರುದಿನ ವೀರಮ್ಮ ಟೀಚರ್ ಹೆಂಟೆಯ ಗುಡ್ಡೆಯನ್ನು ಕಾಲಿನಿಂದ ಒದ್ದು ಪುಡಿ ಮಾಡಿದರು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. “ಇನ್ನು ಈ ಶಾಲೇಲಿ ಹೆಂಟೆ ಕಬಡ್ಡಿ ಇಲ್ಲ. ನಾನು ರೈಡ್ ಬರ್ತೀನಿ. ಗುಲಾಬಿ, ನನ್ನ ಕಾಲು ಹಿಡಿ.”

ಗುಲಾಬಿ ಹಿಂದೆ ಹಿಂದೆ ಸರಿದಳು. ಟೀಚರನ್ನು ಮುಟ್ಟುವುದೆಂದರೇನು! ವೀರಮ್ಮ ಮೂರು ಸಲ ಬಂದರು. ನಾಲ್ಕನೆಯ ಸಲ ಅವಳ ಕೆನ್ನೆಗೆ ಪಟ್ ಎಂದು ಬಾರಿಸಿದರು. “ಹಿಡಿ ಅಂದ್ರೆ ಹಿಡಿ! ಜೀವ ಇಲ್ವಾ ನಿಂಗೆ?” ಮತ್ತೆ ಬಂದರು. ಗುಲಾಬಿ ಕಣ್ಣು ಮುಚ್ಚಿ ಕಾಲಿನ ಗಂಟಿಗೆ ಬಿದ್ದಳು. ಹಿಡಿದಳು. ವೀರಮ್ಮ ಧೊಪ್ಪನೆ ಬಿದ್ದರು. ಮೊಣಕೈ ತರಚಿ ರಕ್ತ ಬಂತು. ಎದ್ದು ಕೂತು ನಕ್ಕರು. “ಹಿಂಗೆ! ಹಿಂಗೆ ಹಿಡೀಬೇಕು ನೋಡಿ ಎಲ್ರೂ!”

ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳಿದರು. “ತೊಡೆ ಹಿಡಿದ್ರೆ ಎಳ್ಕೊಂಡು ಹೋಗ್ತಾರೆ. ಗಂಟು ಹಿಡಿದು ಭುಜ ಕೊಟ್ಟು ಎತ್ತಿ, ಎಂಥ ಆಳಾದ್ರೂ ಬೀಳ್ತಾನೆ. ಆದ್ರೆ ಹಿಡಿದೋರು ಒಬ್ರೇ ಇದ್ರೆ ಒದೆ ತಿಂತಾರೆ. ಒಬ್ರು ಹಿಡಿದ ಕೂಡ್ಲೆ ಉಳಿದೋರು ಬೀಳ್ಬೇಕು. ನೋಡ್ತಾ ನಿಲ್ಲೋರು ನನ್ನ ಟೀಮಲ್ಲಿ ಬೇಡ. ಇದು ಬರೀ ಆಟಕ್ಕೆ ಹೇಳೋದಲ್ಲ ಕಣ್ರೋ. ನಿನ್ನೆ ಪಿಕಪ್ಪಿನಲ್ಲಿ ಒದ್ದೋನು ಒಬ್ಬ. ನೋಡ್ತಾ ಕೂತೋರು ಎಷ್ಟು ಜನ? ಅಷ್ಟೂ ಜನ ಒದ್ದ ಲೆಕ್ಕವೇ. ಒಬ್ಬರ ಮೇಲೆ ಕೈ ಎತ್ತಿದ್ರೆ ಉಳಿದೋರು ಬಿದ್ದು ಹಿಡೀಬೇಕು. ಎತ್ತಿದೋನು ಯಾರೇ ಆಗ್ಲಿ.”

ಮಕ್ಕಳು ತಲೆ ತಗ್ಗಿಸಿದರು. ತಲೆ ತಗ್ಗಿಸಿದ್ದು ಅಷ್ಟೇ, ಗುಲಾಬಿಯನ್ನು ಹಿಡಿಯಲು ಒಬ್ಬರೂ ಬರಲಿಲ್ಲ. ಅವಳು ರೈಡ್ ಹೋದರೆ ಚದುರಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಹೆಡ್ ಮೇಷ್ಟ್ರು ಸಚ್ಚಿದಾನಂದ ಜಗುಲಿಯ ಮೇಲೆ ನಿಂತು ನೋಡಿದರು. ಅವರದು ಮೆತ್ತನೆಯ ಮಾತು. “ಟೀಚರ್ರೆ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಊರಿನವರ ಜೊತೆ ಸ್ವಲ್ಪ ಹೊಂದಿಕೊಂಡು ಹೋಗುವಾ. ಇವೆಲ್ಲ ಒಂದೇ ದಿನಕ್ಕೆ ಸರಿಯಾಗುವಂಥದ್ದಲ್ಲ.” ಈ ಮಾತನ್ನು ಅವರು ಆ ಶಾಲೆಗೆ ಬಂದಾಗಿನಿಂದ ಹೇಳುತ್ತಿದ್ದರು.

ಮೊದಲು ಹಿಡಿದವಳು ಚೈತ್ರ. ನ್ಯಾಯ ಗೀಯ ಅಂತ ಅಲ್ಲ. ಅವಳಿಗೆ ಹೋಬಳಿಯಲ್ಲಿ ಗೆಲ್ಲಬೇಕಿತ್ತು. ತನ್ನ ಟೀಮಿನವರು ಹಿಡಿದು ರೂಢಿ ಮಾಡಿಸದಿದ್ದರೆ ಗುಲಾಬಿ ಅಲ್ಲಿಯೂ ಚೀರಿ ಆಟ ಕೆಡಿಸುತ್ತಾಳೆ ಎಂಬ ಹೆದರಿಕೆ. ಹಲ್ಲು ಕಚ್ಚಿ ಬಂದು ಗುಲಾಬಿಯ ಸೊಂಟ ತಬ್ಬಿ ಕೆಡವಿದಳು. ಇಬ್ಬರೂ ಮಣ್ಣಲ್ಲಿ ಹೊರಳಿದರು. ಗುಲಾಬಿ ಈ ಸಲ ಚೀರಲಿಲ್ಲ. ಕೊಸರಾಡಿದಳು, ಎಳೆದಳು, ಗೆರೆಗೆ ಒಂದು ಗೇಣು ಇರುವಾಗ ಉಸಿರು ಬಿಟ್ಟಳು. “ಔಟ್!” ಎಂದರು ವೀರಮ್ಮ. ಗುಲಾಬಿಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ. ಸರಿಯಾಗಿ ಔಟ್ ಆಗಿದ್ದಳು.

ಆ ಸುದ್ದಿ ಚೈತ್ರಳಿಗಿಂತ ಮುಂಚೆ ಮನೆಗೆ ಮುಟ್ಟಿತು. ತಾಯಿ ಯಮುನಮ್ಮ ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಬಟ್ಟೆ ಸಮೇತ ಕೊಡ ಕೊಡ ತಣ್ಣೀರು ಸುರಿದಳು. “ಇನ್ನು ಮುಟ್ತೀಯಾ?” ಎಂದಳು. ಹುಡುಗಿ “ಆಟ ಅಲ್ವಾ ಅಮ್ಮ,” ಎಂದಿತು. ಒಲೆಯಲ್ಲಿ ಕಾದಿದ್ದ ಸೌಟು ತಂದು ಮುಂಗೈ ಮೇಲೆ ಎಳೆದಳು. ಹೆತ್ತ ಕೈ! ಚರ್ಮ ಸುಲಿದು ಬಂತು.

ಮರುದಿನ ಚೈತ್ರ ಕೈಗೆ ಬಾಳೆಎಲೆಯ ತುಂಡು ಸುತ್ತಿಕೊಂಡು ಶಾಲೆಗೆ ಬಂದಳು. ಗುಲಾಬಿ ಅದನ್ನು ನೋಡಿದಳು.

“ಉರೀತದಾ?”

“ಉರೀದೆ ಎಂತ ಮತ್ತೆ,” ಎಂದಳು ಚೈತ್ರ. “ಬಾ, ರೈಡ್ ಬಾ.” ಅವತ್ತು ಹಿಡಿದ ಹಿಡಿತ ಬೇರೆಯೇ ಇತ್ತು. ಹೋಬಳಿಗಾಗಿ ಹಿಡಿದದ್ದಲ್ಲ ಅದು. ಅಮ್ಮನ ಮೇಲಿನ ಸಿಟ್ಟಿಗೆ ಹಿಡಿದದ್ದು. ನಿಧಾನಕ್ಕೆ ಉಳಿದ ಹುಡುಗಿಯರೂ ಬಂದರು. ಧರ್ಮೇಶ ಮಾತ್ರ ದೂರ ನಿಂತು ಕಲ್ಲು ಒದೆಯುತ್ತಿದ್ದ.

ವಾಸಪ್ಪ ಶಾಲೆಗೆ ಬರಲಿಲ್ಲ. ಸಣ್ಣಕ್ಕನನ್ನು ಕೊಟ್ಟಿಗೆಯ ಹಿಂದೆ ಕರೆದ. “ನಿನ್ನ ಮಗಳು ಓದಿದ್ದು ಸಾಕು. ನಾಳೆಯಿಂದ ಗೊಬ್ಬರ ಹೊರಲಿ. ಇಲ್ಲಾಂದ್ರೆ ನೀನೂ ಬರೋದು ಬೇಡ. ಆ ಗುಡಿಸಲು ಇರೋ ಜಾಗ ಯಾರದ್ದು ಅಂತ ಗೊತ್ತಲ್ಲ?” ಗೊತ್ತಿತ್ತು. ಸಣ್ಣಕ್ಕ ಮಗಳ ಮುಂದೆ ಖಾಲಿ ಹೆಡಿಗೆ ಇಟ್ಟಳು.

ಗುಲಾಬಿ ಬೆಳಿಗ್ಗೆಯಿಂದ ಹೊತ್ತಳು. ಹಸಿ ಗೊಬ್ಬರ, ಹೆಡಿಗೆ ತುಂಬಿದರೆ ಕುತ್ತಿಗೆ ಭುಜದೊಳಗೆ ಇಳಿಯುತ್ತಿತ್ತು. ನೀರು ಕಿವಿಗೆ, ಬಾಯಿಗೆ. ಸೀಳಿದ ಗದ್ದಕ್ಕೆ ತಾಗಿ ಚುರುಗುಟ್ಟಿತು. ಇಳಿಜಾರಿನಲ್ಲಿ ಕಾಲು ಜಾರಿ ಎರಡು ಸಲ ಬಿದ್ದಳು. ಎರಡು ಸಲವೂ ಕೈಯಲ್ಲಿ ಬಾಚಿ ತುಂಬಿಕೊಂಡಳು. ಮಧ್ಯಾಹ್ನ ದಾಟಿತು. ಗುಡ್ಡದ ಆಚೆಯಿಂದ ಶಾಲೆಯ ಗಂಟೆ ಕೇಳಿತು. ಆಟದ ಗಂಟೆ. ಗುಲಾಬಿ ದಾರಿಯ ಮಧ್ಯೆ ನಿಂತಳು.

“ನಡಿಯೇ,” ಎಂದಳು ಹಿಂದಿದ್ದ ಸಣ್ಣಕ್ಕ.

“ಇಲ್ಲ.”

“ನಡಿಯೇ ಪುಣ್ಯಾತ್ಗಿತ್ತಿ. ಗೌಡ್ರು ನೋಡ್ತಾ ಇದಾರೆ.”

“ನೋಡ್ಲಿ. ನಾ ಹೊರಲ್ಲ ಅವ್ವ.” ತಲೆಯ ಮೇಲಿನ ಹೆಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಎಸೆದಳು. ಗೊಬ್ಬರ ದಾರಿಯ ಮೇಲೆಲ್ಲ ಚೆಲ್ಲಿತು. ಸಣ್ಣಕ್ಕ ಅವಳನ್ನು ಹಿಡಿಯಲು ಕೈ ಚಾಚಿದಳು, ಅರ್ಧಕ್ಕೆ ನಿಲ್ಲಿಸಿದಳು. “ಹೋಗು ಹಂಗಾರೆ,” ಎಂದಳು. “ಬೇಗ ಹೋಗು.” ಗುಲಾಬಿ ಗೊಬ್ಬರದ ಮೈಯಲ್ಲೇ ಓಡಿದಳು.

ಅವಳ ಬೆನ್ನಿಗೇ ವಾಸಪ್ಪನೂ ಬಂದ. ಕೈಯಲ್ಲಿ ನಾಗರಬೆತ್ತ. ಮೊದಲು ಆಫೀಸು ಕೋಣೆಗೆ ಹೋದ. ಅಲ್ಲಿ ವೀರಮ್ಮ ಟೀಚರಿಗೂ ಹೆಡ್ ಮೇಷ್ಟ್ರಿಗೂ ಗುಲಾಬಿಯನ್ನು ಶಾಲೆ ಬಿಡಿಸಿದ ವಿಷಯಕ್ಕೇ ಮಾತು ನಡೆದಿತ್ತು. ವಾಸಪ್ಪ ಒಳಗೆ ಕಾಲಿಡಲಿಲ್ಲ. ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ವೀರಮ್ಮ ಬಾಗಿಲು ಗುದ್ದಿದರು. ಕಿಟಕಿಯ ಸರಳು ಹಿಡಿದು ಕೂಗಿದರು. ಹೆಡ್ ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ.

ಮಕ್ಕಳು ಅಂಕಣದಲ್ಲಿದ್ದರು. ಒಂದು ಕಡೆ ಗುಲಾಬಿ ಮತ್ತು ಕೆಲವರು. ಇನ್ನೊಂದು ಕಡೆ ಚೈತ್ರ, ಧರ್ಮೇಶ, ಉಳಿದವರು.

“ಆಡಿ,” ಎಂದ ವಾಸಪ್ಪ. “ಯಾಕೆ ನಿಲ್ಸಿದ್ರಿ? ಮುಂಚೆ ಹೆಂಗೆ ಆಡ್ತಿದ್ರಿ ಹಂಗೆ ಆಡಿ. ನಾನೂ ನೋಡ್ತೀನಿ.” ದರೆಯಿಂದ ಒಂದು ಹೆಂಟೆ ಕಿತ್ತ. ಜಂಬಿಟ್ಟಿಗೆ ಕಲ್ಲು ಹೂತಿದ್ದ ಗಟ್ಟಿ ಹೆಂಟೆ. ಅದನ್ನು ಮಗಳ ಸುಟ್ಟ ಕೈಯಲ್ಲಿ ಇಟ್ಟ. “ಆ ಕುನ್ನಿ ರೈಡ್ ಬರಲಿ. ನೀನು ಹೊಡಿ. ಮುಖಕ್ಕೇ ಹೊಡಿ.”

ಚೈತ್ರ ಹೆಂಟೆ ಹಿಡಿದು ನಿಂತಳು.

“ಹೋಯ್ ಐತನ ಮಗಳೇ, ಎಂತ ನೋಡ್ತೀಯ? ಹೋಗು. ದೂರ ನಿಂತು ಬೆರಳು ತೋರ್ಸು. ಇಲ್ಲಾ, ನಡಿ, ಹೆಡಿಗೆ ಕಾಯ್ತಾ ಇದೆ.”

ಗುಲಾಬಿಗೆ ಹೆದರಿಕೆ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಓಡಿಹೋಗು ಎನ್ನುತ್ತಿತ್ತು. ಅವ್ವ, ಗುಡಿಸಲು, ಎಲ್ಲ ನೆನಪಾಯಿತು. ಆದರೂ ಬಾಯಿ ಬಿಟ್ಟಳು.

“ಬೆರಳು ತೋರ್ಸೋದು ಇಲ್ಲ ಗೌಡ್ರೆ. ಮುಟ್ಟಿದ್ರೆ ಔಟು. ಹಿಡಿದ್ರೆ ಔಟು. ಬೇರೆ ರೂಲು ನಂಗೆ ಗೊತ್ತಿಲ್ಲ.”

ನಡುಗೆರೆಯ ಮಣ್ಣು ಮುಟ್ಟಿದಳು. ಉಸಿರು ಎಳೆದಳು. “ಕಬಡ್ಡಿ ಕಬಡ್ಡಿ ಕಬಡ್ಡಿ...” ಗೆರೆ ದಾಟಿದಳು.

“ಹೊಡಿಯೇ!” ಎಂದು ವಾಸಪ್ಪ ಕಿರುಚಿದ. ಚೈತ್ರ ಕೈಯಿಂದ ಹೆಂಟೆ ಬಿಟ್ಟಳು. ಅದು ಅವಳ ಕಾಲ ಬುಡದಲ್ಲೇ ಬಿತ್ತು. ವಾಸಪ್ಪ ಅದನ್ನು ಎತ್ತಿ ತಾನೇ ಬೀಸಿದ. ಹತ್ತು ಹೆಜ್ಜೆಯೂ ದೂರ ಇರಲಿಲ್ಲ. ಗುಲಾಬಿಯ ಹಣೆಗೆ ಬಿತ್ತು. ಕಲ್ಲು ಕೊರೆದು ಹುಬ್ಬಿನ ಮೇಲೆ ಬಾಯಿ ಬಿಟ್ಟಿತು. ರಕ್ತ ಕಣ್ಣಿಗೆ ಇಳಿಯಿತು. ಗುಲಾಬಿ ಉಸಿರು ಬಿಡಲಿಲ್ಲ. “ಕಬಡ್ಡಿ ಕಬಡ್ಡಿ...” ಅಂಗೈ ಚಾಚಿ ಒಬ್ಬಳ ಹೆಗಲು ಮುಟ್ಟಿದಳು. ಇನ್ನೊಬ್ಬನ ಎದೆ ಮುಟ್ಟಿದಳು. ಅವರ ಬಿಳಿ ಅಂಗಿಯ ಮೇಲೆ ಗೊಬ್ಬರ ಮತ್ತು ರಕ್ತದ ಕೈ ಮೂಡಿತು. ಧರ್ಮೇಶ ಗೋಡೆಗೆ ಒತ್ತಿ ನಿಂತಿದ್ದ. ಅವನ ಕೆನ್ನೆಯನ್ನೇ ಮುಟ್ಟಿದಳು. ಅವನು ಅಲುಗಲಿಲ್ಲ.

ವಾಸಪ್ಪ ಅಂಕಣಕ್ಕೆ ನುಗ್ಗಿದ. ಬೆತ್ತ ಬೀಸಿದ. ಮೊದಲ ಏಟು ಬೆನ್ನಿಗೆ. ಎರಡನೆಯದು ತೊಡೆಗೆ. ಕಿವಿಗೆ ಬಿದ್ದ ಏಟಿಗೆ ಒಂದು ಕಡೆಯ ಶಬ್ದವೇ ಹೋಯಿತು. ಬೆತ್ತಕ್ಕೆ ಮೈಲಿಗೆ ಇಲ್ಲವಲ್ಲ! ಹುಡುಗಿ ಮಂಡಿಯ ಮೇಲೆ ಬಿದ್ದಳು. ಬಿದ್ದಲ್ಲಿಂದ ತೆವಳಿದಳು. ಉಸಿರು ಮಾತ್ರ ಬಿಡಲಿಲ್ಲ. “...ಬಡ್ಡಿ ಕಬಡ್ಡಿ ಕಬಡ್ಡಿ...” ನಡುಗೆರೆಗೆ ಅಡ್ಡವಾಗಿ ವಾಸಪ್ಪ ನಿಂತ. “ನಿಲ್ಸು! ಬಾಯಿ ನಿಲ್ಸೇ!” ಬೆತ್ತ ಏರಿತು, ಇಳಿಯಿತು. ಗುಲಾಬಿಯ ಬೆರಳಿನ ಮೂಳೆ ಲಟಕ್ಕೆಂದಿತು.

ಕಿಟಕಿಯಿಂದ ವೀರಮ್ಮನ ಗಂಟಲು ಹರಿದು ಬಂತು. “ನೋಡ್ತಾ ನಿಂತಿದೀರಲ್ರೋ! ಹಿಡೀರೋ!”

ಚೈತ್ರ ಬಿದ್ದಳು. ಅಪ್ಪನ ಕಾಲಿನ ಗಂಟಿಗೆ ಬಿದ್ದಳು. ತೊಡೆಗಲ್ಲ, ಗಂಟಿಗೆ. ಭುಜ ಕೊಟ್ಟಳು. ವಾಸಪ್ಪ ಒಂದು ಕ್ಷಣ ಏನೆಂದು ತಿಳಿಯದೆ ಕೆಳಗೆ ನೋಡಿದ. “ಬಿಡೇ! ನಾ ನಿನ್ನಪ್ಪ ಕಣೇ!” ಎಂದ. ಬೆತ್ತ ಮಗಳ ಬೆನ್ನಿಗೆ ಬಿತ್ತು. ಅಂಗಿ ಹರಿಯಿತು. ಅವಳು ಬಿಡಲಿಲ್ಲ. ಎದೆಯ ಮೇಲೆ ರಕ್ತದ ಕೈ ಮೂಡಿದ್ದ ಹುಡುಗ ಇನ್ನೊಂದು ಕಾಲು ಹಿಡಿದ. ಹುಡುಗಿಯರು ಸೊಂಟಕ್ಕೆ ಬಿದ್ದರು. ಈ ಕಡೆಯ ಅಂಕಣದವರೂ ಓಡಿ ಬಂದು ಬಿದ್ದರು. ಗೋಡೆಗೆ ಒತ್ತಿ ನಿಂತಿದ್ದ ಧರ್ಮೇಶ ಹೂಂಕರಿಸಿ ಓಡಿ ಬಂದು ಬೆತ್ತದ ಕೈಗೆ ಜೋತುಬಿದ್ದ, ಹಲ್ಲು ಊರಿ ಕಚ್ಚಿದ. ಎತ್ತಿದರು. ವಾಸಪ್ಪ ಉದ್ದಕ್ಕೆ ಬಿದ್ದ. ದವಡೆ ನೆಲಕ್ಕೆ ಬಡಿದ ಸದ್ದು ಜಗುಲಿಯವರೆಗೆ ಕೇಳಿತು. ಬಾಯಿಂದ ರಕ್ತವೂ ಮಣ್ಣೂ ಬಂತು. ಮಕ್ಕಳು ಅವನ ಮೇಲೆ ಕೂತರು. ಅಳುತ್ತಿದ್ದರು, ಆದರೆ ಒಬ್ಬರೂ ಏಳಲಿಲ್ಲ.

ಗುಲಾಬಿ ಅವನ ಕಾಲ ಬದಿಯಿಂದ ತೆವಳಿ ಹೋದಳು. ಮುರಿದ ಬೆರಳಿನ ಕೈ ಗೆರೆಯ ಆಚೆ ಇಟ್ಟಳು. ಆಮೇಲೆ ಉಸಿರು ಬಿಟ್ಟಳು.

ಮುಂದೆ ಆದದ್ದೆಲ್ಲ ಆಯಿತು. ಪೊಲೀಸರು ಬಂದರು, ಪಂಚಾಯ್ತಿ ಸೇರಿತು, ಗುಡಿಸಲಿನ ಸೋಗೆ ಕಿತ್ತರು, ವೀರಮ್ಮನನ್ನು ತಿಂಗಳೊಳಗೆ ಕೊಪ್ಪದ ಆಚೆಯ ಶಾಲೆಗೆ ಎತ್ತಿ ಹಾಕಿದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಹೊತ್ತಿನಲ್ಲಿ ಅಂಕಣದಲ್ಲಿ ಆದದ್ದನ್ನು ಯಾರೂ ಹೇಳುವುದಿಲ್ಲ.

ಗುಲಾಬಿ ಎದ್ದು ನಿಂತಳು. ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದರಲ್ಲಿ ಚೈತ್ರಳನ್ನು ಹುಡುಕಿದಳು.

“ಚೈತ್ರ, ಏಳು,” ಎಂದಳು. “ಈಗ ನಿಂದು ರೈಡು. ಬಾ. ನಾ ಹಿಡೀತೀನಿ.”

ಚೈತ್ರ ಅಪ್ಪನ ಕಾಲು ಬಿಟ್ಟು ಎದ್ದಳು. ಆ ಜಾಗಕ್ಕೆ ಇನ್ನೊಬ್ಬಳು ಕೂತಳು. ಬೆನ್ನಿನ ಬಾಸುಂಡೆಗೆ ನೇರ ನಿಲ್ಲಲಾಗದೆ ಬಾಗಿಕೊಂಡೇ ಗೆರೆ ಮುಟ್ಟಿದಳು. ಬಿಕ್ಕುತ್ತ ಬಿಕ್ಕುತ್ತ “ಕಬಡ್ಡಿ, ಕಬಡ್ಡಿ” ಎಂದು ಈಚೆ ಬಂದಳು. ಗುಲಾಬಿ ಗೊಬ್ಬರ ಮೆತ್ತಿದ, ರಕ್ತ ಸೋರುವ ಎರಡೂ ಕೈ ಚಾಚಿ ಅವಳ ಕಾಲಿಗೆ ಬಿದ್ದು ಹಿಡಿದಳು. ಇಬ್ಬರೂ ಉರುಳಿದರು. ಗುಲಾಬಿ ಬಿಡಲಿಲ್ಲ.